ಹನ್ನೆರಡು ತುಂಡಿನ ಬೋಗುಣಿ

ಮದ್ದೂರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಮರಿಸಿದ್ದಯ್ಯನ ಮನೆ. ಮನೆ ಅನ್ನುವುದಕ್ಕಿಂತ ಅದು ಮರ ಕಡೆಯುವ ಚಪ್ಪರ, ಹಿಂದೆ ಮಲಗಲು ಒಂದು ಕೋಣೆ. ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲು, ಹೀಗೆ ದುಂಡಗಿರುವುದೆಲ್ಲ ಅವನ ಕೈಯಿಂದ ಬರುತ್ತಿತ್ತು. ತಿರುಗಣೆಯ ಹಗ್ಗ ಎಳೆಯುವವಳು ಹೆಂಡತಿ ಬೆಟ್ಟಮ್ಮ. ಅವಳು ಎಳೆದರೆ ಮರ ಗಿರಗಿರನೆ ತಿರುಗುವುದು, ಇವನು ಉಳಿ ಒತ್ತಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುವುದು. ಕೆಲಸದ ಉದ್ದಕ್ಕೂ ಇಬ್ಬರೂ ಜಗಳವಾಡುತ್ತಿದ್ದರು. ಜಗಳ ನಿಂತರೆ ಹಗ್ಗವೂ ನಿಲ್ಲುತ್ತಿತ್ತು.

ಮಂಡ್ಯದಲ್ಲಿ ಆಗಷ್ಟೇ ಸಕ್ಕರೆ ಕಾರ್ಖಾನೆ ಎದ್ದಿತ್ತು. ಸುತ್ತಮುತ್ತ ಹೊಸ ಬಂಗಲೆಗಳು ಏಳುತ್ತಿದ್ದವು. ಬಾಗಿಲು ಕಿಟಕಿ ಮಾಡಿ ಉಳಿದ ಬೀಟೆ, ಹಲಸಿನ ಗೇಣುದ್ದದ ತುಂಡುಗಳನ್ನು ಪರಿಚಯದ ಬಡಗಿಯೊಬ್ಬ ಒಂದು ಗಾಡಿ ತುಂಬ ತಂದು ಸುರಿದುಹೋದ. ಒಲೆಗೆ ಹಾಕೋಣವೆಂದು ಬೆಟ್ಟಮ್ಮ ಎಷ್ಟು ಸಲ ಕೈ ಹಾಕಿದರೂ ಮರಿಸಿದ್ದಯ್ಯ ಬಿಡಲಿಲ್ಲ.

ಒಂದು ದಿನ ಶ್ಯಾಮಣ್ಣ ಮೇಷ್ಟ್ರ ಮಗಳು ಗೋದಾ ಲಟ್ಟಣಿಗೆ ಕೊಳ್ಳಲು ಬಂದಳು. ಅವಳ ಮದುವೆ ಗೊತ್ತಾಗಿತ್ತು. ಕಪ್ಪು ಬೀಟೆಯ ಪಕ್ಕ ಅರಿಸಿನ ಬಣ್ಣದ ಹಲಸು ಬಿದ್ದಿರುವುದನ್ನು ನೋಡಿ ಅಲ್ಲೇ ನಿಂತಳು.

"ಸಿದ್ದಯ್ಯ, ಇವೆರಡನ್ನೂ ಸೇರಿಸಿ ಒಂದು ದೊಡ್ಡ ಬೋಗುಣಿ ಮಾಡಿಕೊಡ್ತೀಯಾ? ನನ್ನ ಮದುವೇಲಿ ಅದರಲ್ಲೇ ಎಲೆ ಅಡಿಕೆ ಹಂಚಬೇಕು."

ಮರಿಸಿದ್ದಯ್ಯ ಯೋಚಿಸುವ ಮೊದಲೇ ಹೂಂ ಅಂದುಬಿಟ್ಟ.

ಹನ್ನೆರಡು ತುಂಡುಗಳನ್ನು ಓರೆಯಾಗಿ ಕೊಯ್ದು, ಕಪ್ಪು ಹಳದಿಯಾಗಿ ಅಂಟಿಸಿ ಮರದ ಬಳೆ ಮಾಡುವುದು; ಬಳೆಯ ಮೇಲೆ ಬಳೆ ಕೂರಿಸಿ, ತಳಕ್ಕೊಂದು ಹಲಗೆ ಕೊಟ್ಟು ಕಡೆಯುವುದು. ಮನಸ್ಸಿನಲ್ಲಿ ಎಲ್ಲ ಸಲೀಸಾಗಿತ್ತು. ಓರೆ ಎಷ್ಟಿರಬೇಕೆಂದು ಹೇಳಲು ಶ್ಯಾಮಣ್ಣ ಮೇಷ್ಟ್ರೇ ಶಾಲೆಯ ಹಿತ್ತಾಳೆ ಕೋನಮಾಪಕ ಹಿಡಿದು ಬಂದರು. "ಒಂದೊಂದು ತುದಿಗೂ ಹದಿನೈದು ಡಿಗ್ರಿ" ಎಂದು ಹಲಗೆಯ ಮೇಲೆ ಗೆರೆ ಎಳೆದುಕೊಟ್ಟರು. ಆ ಗೆರೆಗೆ ಸರಿಯಾಗಿ ಮರಿಸಿದ್ದಯ್ಯ ಒಂದು ಮರದ ಅಚ್ಚು ಮಾಡಿ, ಅದರ ಸೀಳಿನಲ್ಲಿ ಗರಗಸ ಇಟ್ಟು ಕೊಯ್ದ.

ಹನ್ನೊಂದು ತುಂಡು ಚೆನ್ನಾಗಿ ಕೂತವು. ಹನ್ನೆರಡನೆಯದನ್ನು ಇಟ್ಟಾಗ ಕೊನೆಯ ಸಂದಿಯಲ್ಲಿ ಬಿರುಕು ಬಾಯಿ ಬಿಟ್ಟುಕೊಂಡಿತು. ಮತ್ತೆ ಕೊಯ್ದ, ಮತ್ತೆ ಬಿರುಕು. ಅಚ್ಚನ್ನೇ ಹೊಸದಾಗಿ ಮಾಡಿದ. ಈ ಸಲ ಬಿರುಕು ಒಳಮಗ್ಗುಲಿಗೆ ಹೋಯಿತು.

ಮೇಷ್ಟ್ರು ಮನೆಗೆ ಹೋಗಿ ಲೆಕ್ಕ ಹಾಕಿ ಮಾರನೆಯ ಸಂಜೆ ಬಂದರು. "ಗೆರೆ ತಪ್ಪಿಲ್ಲ, ನಿನ್ನ ಕೈಯೂ ತಪ್ಪಿಲ್ಲಪ್ಪ. ಒಂದೊಂದು ಕೊಯ್ತಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಇಪ್ಪತ್ತನಾಲ್ಕು ಕೊಯ್ತದ್ದೂ ಸೇರಿ ಕೊನೇ ಸಂದೀಲಿ ಬಂದು ಕೂರುತ್ತೆ."

"ಅಂಗಾರೆ ಆ ಎಳೆ ತೆಗೆಯೋ ಗರಗಸ ಎಲ್ಲಿ ಸಿಕ್ಕತ್ತೆ ಮೇಷ್ಟ್ರೆ?"

ಮೇಷ್ಟ್ರು ನಗುತ್ತಾ ಕೋನಮಾಪಕವನ್ನು ಎತ್ತಿಕೊಂಡು ಮನೆಗೆ ಹೊರಟರು.

ಮರುದಿನ ಮರಿಸಿದ್ದಯ್ಯ ಹಟಕ್ಕೆ ಬಿದ್ದ. ಮರವಜ್ರವನ್ನು ಬಿಸಿಯಾಗಿ ಕಾಯಿಸಿ ತುಂಡುಗಳಿಗೆ ಬಳಿದು ಅಂಟಿಸಿದ. ಅಂಟು ಆರುವ ಮೊದಲೇ ಸುತ್ತ ಹಗ್ಗ ಬಿಗಿದು, ನಡುವೆ ಕೋಲು ತೂರಿಸಿ ತಿರುಚಿದ. ಬಿರುಕು ಮುಚ್ಚಿಕೊಂಡಿತು ಅನ್ನುವಷ್ಟರಲ್ಲಿ ಫಟ್ಟೆಂದು ಬಳೆ ಎರಡು ಹೋಳಾಯಿತು. ಒಂದು ಹೋಳು ಉರುಳಿಕೊಂಡು ಹೋಗಿ ಒರಳುಕಲ್ಲಿಗೆ ಬಡಿಯಿತು.

ಬೆಟ್ಟಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗ್ಬೇಡ ಕಣಮ್ಮಿ! ನಂಗೆ ಒಟ್ಟೆ ಉರೀತಾ ಅದೆ."

"ಉರೀಲಿ ಬುಡು. ಇಲ್ನೋಡು ಬಾ." ಅವಳು ಆ ಹೋಳನ್ನು ಎತ್ತಿ, ಬಟ್ಟೆ ಒಗೆಯುವ ಚಪ್ಪಟೆ ಕಲ್ಲಿನ ಮೇಲೆ ಕಮಾನಿನಂತೆ ನಿಲ್ಲಿಸಿದ್ದಳು. ಒಂದು ಕಾಲು ಕಲ್ಲಿಗೆ ಅಂಟಿ ಕೂತಿತ್ತು. ಇನ್ನೊಂದರ ಕೆಳಗೆ ಬೆಳಕು ಕಾಣುತ್ತಿತ್ತು. "ಎಲ್ಲಾ ಒಂದೇ ಸಲ ಯಾಕೆ ಸೇರಿಸ್ತೀಯೆ? ಅರ್ಧ ಅರ್ಧ ಅಂಟಿಸು. ಆಮೇಕೆ ಈ ಕಾಲೆಲ್ಡೂ ಕಲ್ಗೆ ಸಮನಾಗಿ ಕೂರೋಗಂಟ ಉಜ್ಜು. ಆ ಕಡೇದನ್ನೂ ಅಂಗೇ ಉಜ್ಜು. ಆಗ ಬಾಯಿಗೆ ಬಾಯಿ ಸೇರಾಕಿಲ್ವಾ?"

ಮರಿಸಿದ್ದಯ್ಯ ಇನ್ನೊಂದು ಹೋಳನ್ನೂ ಎತ್ತಿಕೊಂಡು ಬಂದ. ಆ ದಿನ ಜಗಳವಾಡಲು ಅವನಿಗೆ ಏನೂ ಸಿಗಲಿಲ್ಲ.

ಇಬ್ಬರೂ ಎದುರುಬದುರು ಕೂತು ಉಜ್ಜಿದರು. ಬೆಳಕಿನ ಗೆರೆ ತೆಳ್ಳಗಾಗುತ್ತಾ ಬಂದು ಕಾಣದೇ ಹೋಯಿತು. ಎರಡು ಅರ್ಧಗಳನ್ನೂ ಕೂಡಿಸಿದಾಗ ಸಣ್ಣಗೆ ಟಕ್ಕೆಂದಿತು, ಅಷ್ಟೆ. ಅಂಟು ಹಾಕಿ ಆರಿದ್ದೇ ತಡ, ಮರಿಸಿದ್ದಯ್ಯ ಆ ಬಳೆಯನ್ನು ತಲೆಯ ಮೇಲೆ ಇಟ್ಟುಕೊಂಡು ಚಪ್ಪರದೊಳಗೆ ಕುಣಿದುಬಿಟ್ಟ. ಸಂಜೆ ಬಂದ ಮೇಷ್ಟ್ರು ನೆಲದ ಮೇಲೆ ಕೂತು ಸಂದಿಸಂದಿಗೂ ಕಣ್ಣು ಹಾಯಿಸಿ, "ಎರಡು ಅರ್ಧ! ಬೆಟ್ಟಮ್ಮ, ನನಗೆ ಇದು ಹೊಳೀಲೇ ಇಲ್ವಲ್ಲ!" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಉಳಿದ ಬಳೆಗಳೂ ಹೀಗೇ ಕೂಡಿ, ತಿರುಗಣೆಗೆ ಏರಿ, ಬೋಗುಣಿ ಸಿದ್ಧವಾಯಿತು. ಮದುವೆಯಲ್ಲಿ ಗಂಡಿನ ಕಡೆಯ ಅಜ್ಜಿಯೊಬ್ಬರು ಬೋಗುಣಿಯ ಎಲೆಯನ್ನೆಲ್ಲ ಮಡಿಲಿಗೆ ಸುರಿದುಕೊಂಡು, ಉಗುರಿನಿಂದ ಸಂದಿ ಹುಡುಕುತ್ತಾ ಕೂತರು. ಎಲೆ ಅಡಿಕೆಗೆ ಬಂದವರು ಅವರ ಸುತ್ತ ಸಾಲು ನಿಂತರು. ಹಸೆಯ ಮೇಲೆ ಕೂತ ಗೋದಾಗೆ ನಗು ತಡೆಯಲಾಗಲಿಲ್ಲ. ಆ ಅಜ್ಜಿ ಯಲಿಯೂರಿನವರು. ತಮಗೂ ಅಂಥದ್ದೊಂದು ಬೇಕೆಂದು ಅಲ್ಲೇ ಹೇಳಿಬಿಟ್ಟರು.

ಅಲ್ಲಿಂದಾಚೆಗೆ ಗಂಡ ಹೆಂಡತಿ ಬಾಳಿನುದ್ದಕ್ಕೂ ಬೋಗುಣಿಗಳನ್ನೇ ಹೆಚ್ಚಾಗಿ ಮಾಡಿದರು. ಅವುಗಳಲ್ಲಿ ಮೊದಲನೆಯದಾದ ಯಲಿಯೂರಿನ ಅಜ್ಜಿಯ ಬೋಗುಣಿಯನ್ನು ತಲುಪಿಸಲು ಇಬ್ಬರೂ ರೈಲು ಹತ್ತಿದರು. ಬೆಟ್ಟಮ್ಮನಿಗೆ ಅದೇ ಮೊದಲ ರೈಲು.

"ಮುಂದಿನದಕ್ಕೆ ಅದಿನಾರು ತುಂಡು ಆಕಾನ" ಅಂದಳು ಕಿಟಕಿಯಿಂದ ಮುಖ ತೆಗೆಯದೆ.

"ಎಂಟೇ ಸಾಕು. ನಿಂಗೇನು ಗೊತ್ತು?"

ಎದುರಿಗಿದ್ದ ರೈತನೊಬ್ಬ ಹದಿನಾರರ ಪಕ್ಷ ಹಿಡಿದ. ಅವನ ಹೆಂಡತಿ ಎಂಟರ ಪಕ್ಷ ಹಿಡಿದಳು. ವಾದ ಏರಿ ಡಬ್ಬಿಯೆಲ್ಲ ಎರಡು ಪಂಗಡವಾಗುವ ಹೊತ್ತಿಗೆ ಯಲಿಯೂರು ಹಿಂದಕ್ಕೆ ಹೋಗಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಬೆಟ್ಟಮ್ಮ ಬೋಗುಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡಳು. ಕಬ್ಬಿನ ಗದ್ದೆಗಳ ನಡುವೆ ನಗುತ್ತಾ, ಜಗಳವಾಡುತ್ತಾ ಇಬ್ಬರೂ ಹಿಂದಕ್ಕೆ ನಡೆದರು.