ಉಗ್ರಾಣದ ಕೀ ನನ್ನ ಬ್ಯಾಗಿನಲ್ಲಿ

ಖಣಿಲ್!

ಟಿಕೆಟಿಗೆ ಚಿಲ್ಲರೆ ಹುಡುಕುವಾಗ ನನ್ನ ಹ್ಯಾಂಡ್‌ಬ್ಯಾಗಿನಿಂದ ಕೀಗೊಂಚಲು ಬಸ್ಸಿನ ತಗಡಿನ ಮೇಲೆ ಬಿದ್ದ ಸದ್ದು. ತೊಂಬತ್ತರ ದಶಕದ್ದು, ಇನ್ನೂ ಕಿವಿಯಲ್ಲಿದೆ.

ಮೊನ್ನೆ ಅದನ್ನು ನೆನಪಿಸಿದವಳು ಮೊಮ್ಮಗಳು. ಹೋಂವರ್ಕ್ ಹಿಡಿದುಕೊಂಡು ಬಂದು, "ಗ್ರ್ಯಾನಿ, ಉಗ್ರಾಣ ಅಂದ್ರೆ ಸೂಪರ್‌ಮಾರ್ಕೆಟಾ?" ಎಂದು ಕೇಳಿದಳು. ನಿಘಂಟು ತೆಗೆದೆ. ಸಾಮಾನು ಕೂಡಿಡುವ ಕೋಣೆ ಎಂದಿತ್ತು. ಪದ ಎಲ್ಲಿಂದ ಬಂತು? ನಿವೃತ್ತ ಕನ್ನಡ ಮೇಷ್ಟ್ರೊಬ್ಬರನ್ನು ಕೇಳಿದೆ. ವಸೂಲಿ ಮಾಡುವುದು ಎಂಬ ಅರ್ಥದ ಹಳೆಯ ಮಾತಿನಿಂದ ಬಂದಿರಬಹುದು ಎಂದರು (ಅವರಿಗೂ ಗ್ಯಾರಂಟಿ ಇಲ್ಲ). ಹಿಂದೆ ಪಟೇಲರ ಪರವಾಗಿ ವಸೂಲಿಗೆ ಬರುತ್ತಿದ್ದ ನೌಕರನನ್ನು ನಮ್ಮಲ್ಲಿ ಉಗ್ರಾಣಿ ಎನ್ನುತ್ತಿದ್ದರಲ್ಲ?

ನನಗೆ ಆ ಪದದ ಅರ್ಥ ಕಲಿಸಿದವರು ಮಾತ್ರ ಉಮ್ಮರ್ ಬ್ಯಾರಿ.

ನರಿಕೊಂಬಿನ ಬಳಿಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಆಗ ನಾನು ಸ್ಟೋರ್ ಕೀಪರ್, ಎಲ್ಲರ ಬಾಯಲ್ಲಿ ಬಾಯಮ್ಮ. ಅವರು ನನ್ನ ಸಹಾಯಕರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಬಾಗಿಲಿಗೆ 'ಸ್ಟೋರ್ಸ್' ಎಂಬ ಬೋರ್ಡ್ ಹಾಕಿಸಿದ್ದೆ. ಅವರ ಬಾಯಲ್ಲಿ ಅದು ಉಗ್ರಾಣವೇ. ಬೀಜ ಒಡೆಯುವ ಹೆಂಗಸರು ಕೈಗೆ ಹಚ್ಚುವ ಎಣ್ಣೆ ಅಲ್ಲಿಂದಲೇ ಹೋಗಬೇಕು. ಇಲ್ಲದಿದ್ದರೆ ಸಿಪ್ಪೆಯ ಸೊನೆ ತಾಗಿ ಚರ್ಮ ಸುಟ್ಟು ಏಳುತ್ತದೆ.

ಪ್ರತಿದಿನ ಬೀಗ ಹಾಕುವ ಮೊದಲು ಉಮ್ಮರ್ ಬ್ಯಾರಿ ಒಂದು ಡಬ್ಬಿ ಎಣ್ಣೆಯನ್ನು ಹೊರಗಿನ ಕಟ್ಟೆಯ ಮೇಲಿಡುತ್ತಿದ್ದರು. ನನಗೆ ಸಿಟ್ಟು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದೇನು? ಎವೆರಿಥಿಂಗ್ ಇನ್ ಇಟ್ಸ್ ಪ್ಲೇಸ್.

"ಇದೆಂಥ ಪದ್ಧತಿ? ಒಳಗೆ ಇಡಿ" ಎಂದೆ.

"ಬಾಯಮ್ಮ, ಮದುವೆಮನೆಯ ಉಗ್ರಾಣ ನೋಡಿದ್ದೀರಾ? ಬಾಗಿಲು ಹಾಕುವ ಮುಂಚೆ ಒಂದು ಪಾಲು ಹೊರಗೆ ಇಡ್ತಾರೆ. ತಡವಾಗಿ ಬಂದವನಿಗೆ ಬೇಕಲ್ಲ?"

"ಇದು ಮದುವೆಮನೆಯಲ್ಲ."

"ಹೌದು, ಇಲ್ಲಿ ಊಟ ಇಲ್ಲ" ಎಂದು ನಕ್ಕರು. ಡಬ್ಬಿ ಒಳಗೆ ಹೋಯಿತು.

ಅದೇ ವಾರದ ಶನಿವಾರ ನನಗೆ ರಜೆ. ಮೂಡುಬಿದಿರೆಯಲ್ಲಿ ತಮ್ಮನ ಮಗುವಿಗೆ ಬ್ಯಾಪ್ಟಿಸಂ. ಹಿಂದಿನ ಸಂಜೆಯೇ ಕೀಯನ್ನು ಉಮ್ಮರ್ ಬ್ಯಾರಿಗೆ ಕೊಡಬೇಕಿತ್ತು. ಮರೆತೆ! ಒತ್ತಿದರೆ ಬೀಳುವ ಬೀಗ; ಹಾಕಲು ಕೀ ಬೇಡ, ತೆಗೆಯಲು ಬೇಕು. ಇನ್ನೊಂದು ಕೀ ಇದ್ದದ್ದು ಮಂಗಳೂರಿನಲ್ಲಿ, ಧಣಿಗಳ ಕಪಾಟಿನಲ್ಲಿ.

ಕೀಗೊಂಚಲು ಖಣಿಲ್ ಎಂದು ಬಿದ್ದಾಗ ಬಸ್ಸು ಸಿದ್ಧಕಟ್ಟೆ ತಲುಪಿತ್ತು. ನನ್ನ ಕಣ್ಣ ಮುಂದೆ ಬಂದವಳು ಲೀಲಾ. ಬೀಜ ಒಡೆಯುವ ಹುಡುಗಿ, ಮುಂದಿನ ವಾರ ಮದುವೆ. ಎಣ್ಣೆ ಸಿಗಲಿಲ್ಲವೆಂದು ಕೆಲಸ ಬಿಟ್ಟು ಕೂರುವವಳಲ್ಲ ಅವಳು. ಬರಿಗೈಯಲ್ಲೇ ಒಡೆಯುತ್ತಾಳೆ. ಆ ಕೈಯಲ್ಲಿ ಹೇಗೆ ಧಾರೆ ಎರೆಸಿಕೊಳ್ಳುವುದು?

ಇಳಿದೆ. ಎದುರಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಎಷ್ಟು ಹೇಲ್ ಮೇರಿ ಪ್ರಾರ್ಥನೆ ಹೇಳಿದೆನೋ!

ಫ್ಯಾಕ್ಟರಿಯೊಳಗೆ ಬೀಜ ಒಡೆಯುವ ಟಕಟಕ ಜೋರಾಗಿತ್ತು. ಸೀದಾ ಲೀಲಾಳ ಬಳಿ ಓಡಿ ಕೈ ಹಿಡಿದೆ. ಜಾರಿತು. ಮೊಣಕೈವರೆಗೆ ಎಣ್ಣೆ!

"ಎಂಥ ಬಾಯಮ್ಮ, ನನಗಿಂತ ಮೊದಲು ನೀವೇ ರೇಷ್ಮೆ ಸೀರೆ ಉಟ್ಟು ಮದುವೆಗೆ ತಯಾರಾ?" ಎಂದಳು. ಹೆಂಗಸರೆಲ್ಲ ನಕ್ಕರು. ನಾನು ಅಲ್ಲೇ ಗೋಣಿಯ ಮೇಲೆ ಕುಳಿತೆ.

ಉಮ್ಮರ್ ಬ್ಯಾರಿ ತಲೆ ಕೆರೆಯುತ್ತಾ ಬಂದರು. "ನಿನ್ನೆ ನೀವು ಹೋದ ಮೇಲೆ ಬೀಗ ಹಾಕುವ ಮೊದಲು ಒಂದು ಡಬ್ಬಿ ಹೊರಗಿಟ್ಟೆ. ಬೈಯುವುದಾದರೆ ಬೈಯಿರಿ. ಕೊಡ್ಲಿಕ್ಕೆ ಆಗದಿದ್ದರೆ ಅದು ಎಂಥ ಉಗ್ರಾಣ ಮಾರಾಯ್ರೆ?"

ಬೈಯುವುದೆಲ್ಲಿ ಬಂತು? ಸೋಮವಾರದಿಂದ ಆ ಡಬ್ಬಿಯನ್ನು ಕಟ್ಟೆಯ ಮೇಲೆ ನಾನೇ ಇಡತೊಡಗಿದೆ. ಮಗು ಬ್ಯಾಪ್ಟಿಸಂನಲ್ಲಿ ಅತ್ತಿತೋ ನಕ್ಕಿತೋ ನಾನು ನೋಡಲಿಲ್ಲ. ಲೀಲಾಳ ಮದುವೆಯಲ್ಲಿ ಮಾತ್ರ ಅವಳ ಮುಖಕ್ಕಿಂತ ಕೈಯನ್ನೇ ಹೆಚ್ಚು ನೋಡಿದೆ.

ಉಮ್ಮರ್ ಬ್ಯಾರಿಯನ್ನು ಕೊನೆಯ ಸಲ ಕಂಡದ್ದು ಎರಡು ಸಾವಿರ ಇಸವಿ ದಾಟಿದ ಮೇಲೆ, ಬಂಟ್ವಾಳದಲ್ಲಿ. ಹೊರಟ ಬಸ್ಸಿನ ಕಿಟಕಿಯಿಂದ ಬಿಳಿ ಗಡ್ಡ ಹೊರಹಾಕಿ ಕೂಗಿದರು: "ಬಾಯಮ್ಮ, ಬ್ಯಾಗ್ ಒಮ್ಮೆ ನೋಡಿ!"

ನಾನು ರಿಟೈರ್ ಆಗಿ ನಾಲ್ಕು ವರ್ಷ ಕಳೆದಿತ್ತು. ಆದರೂ ಬ್ಯಾಗ್ ತೆರೆದು ನೋಡಿದೆ.