ಸೀಟಿನ ಉಷ್ಣ ಅಂದುಕೊಂಡಿದ್ದು

ಇಪ್ಪತ್ತಾರು ವರ್ಷದಿಂದ ನಾನು ಸಾಗರ, ಹೊಸನಗರ, ತೀರ್ಥಹಳ್ಳಿ ಮಾರ್ಗದಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದೇನೆ. ಎಂಜಿನ್ನಿನ ಪಕ್ಕದಲ್ಲೇ ನನ್ನ ಸೀಟು. ಬೇಸಿಗೆಯಲ್ಲಿ ನೀರಿನ ಬಾಟಲಿ ಅಲ್ಲಿಟ್ಟರೆ ಹುಂಚಕ್ಕೆ ಬರುವಷ್ಟರಲ್ಲಿ ಸ್ನಾನಕ್ಕೆ ಆಗುವಷ್ಟು ಬಿಸಿಯಾಗಿರುತ್ತದೆ. ಹಾಗಾಗಿ ಒಂದು ಬೆಳಿಗ್ಗೆ ಪಾಯಿಖಾನೆಯಲ್ಲಿ ರಕ್ತ ಕಂಡಾಗ ನನಗೆ ನಾನೇ ಡಾಕ್ಟರಾದೆ. ಸೀಟಿನ ಉಷ್ಣ. ಮೂಲವ್ಯಾಧಿ. ಡ್ರೈವರುಗಳಿಗೆ ಬರುವಂಥದ್ದೇ, ಇನ್ನೇನು.

ನೋವು ಅನ್ನುವುದು ಒಂಚೂರೂ ಇರಲಿಲ್ಲ. ನನಗೆ ಮೋಸ ಮಾಡಿದ್ದೇ ಅದು. ನಾಲ್ಕು ದಿನ ಬರುತ್ತಿತ್ತು, ಎರಡು ವಾರ ನಿಲ್ಲುತ್ತಿತ್ತು. ನಿಂತಾಗ ಮಜ್ಜಿಗೆ ಕುಡಿದದ್ದಕ್ಕೆ ಅಂದುಕೊಳ್ಳುತ್ತಿದ್ದೆ, ಬಂದಾಗ ಹಿಂದಿನ ದಿನ ತಿಂದ ಬೀಟ್‌ರೂಟ್ ಪಲ್ಯ ಅಂದುಕೊಳ್ಳುತ್ತಿದ್ದೆ. ತಿಂಗಳಿಗೊಮ್ಮೆ ಬೀಟ್‌ರೂಟ್ ಮಾಡುವ ಮನೆಯಲ್ಲಿ ಅಷ್ಟು ಬೀಟ್‌ರೂಟ್ ಎಲ್ಲಿಂದ ಬಂತು ಅಂತ ಯೋಚಿಸಲೇ ಇಲ್ಲ.

ನನ್ನ ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ಬಸುರಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಎಷ್ಟಿದೆ ಅಂತ ಅಂದಾಜು ಹೇಳುವಷ್ಟು ಅನುಭವಸ್ಥೆ. "ಎಂತ್ರೀ, ಬೆಳ್ಳಗಾಗಿದ್ದೀರಿ?" ಅಂತ ಕೇಳಿದರೆ, "ಎಂತಿಲ್ಲ, ಸೋಪು ಬದಲಾಯಿಸಿದ್ದು" ಅಂದುಬಿಡುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು. ಸ್ಟೇರಿಂಗ್ ತಿರುಗಿಸಿದರೆ ತೋಳು ಸೋಲುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಐವತ್ತನಾಲ್ಕು ವರ್ಷದ ಗಂಡಸು, ಅಲ್ಲಿಂದ ರಕ್ತ ಬರುತ್ತಿದೆ ಅಂತ ಯಾರ ಮುಂದೆ ಹೇಳೋದು?

ಕೊನೆಗೆ ಅದು ತಾನಾಗಿ ಹೇಳಿಕೊಂಡಿತು, ಅದೂ ಬಸ್ಸು ತುಂಬಿದ್ದಾಗ.

ಹುಂಚದ ಹತ್ತಿರ ಬರುವಾಗ ಕೈ ತಣ್ಣಗಾಯಿತು, ಬೆವರು ಇಳಿಯಿತು, ಮುಂದಿದ್ದ ಒಂದು ರಸ್ತೆ ಎರಡಾಯಿತು. ಎರಡರಲ್ಲಿ ಸರಿಯಾದದ್ದು ಯಾವುದು ಅಂತ ಗೊತ್ತಾಗದೆ ಬದಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದೆ. ಕಂಡಕ್ಟರ್ ಮುಂದೆ ಬಂದ.

"ಎಂತಣ್ಣ, ಪಂಚರಾ?"

"ಹೌದು ಮಾರಾಯ. ಬಸ್ಸಿಗಲ್ಲ, ನನಗೆ" ಅಂದು ಎದ್ದು ನಿಂತೆ. ಖಾಕಿ ಪ್ಯಾಂಟಿನ ಹಿಂಭಾಗ ಪೂರ್ತಿ ರಕ್ತದಲ್ಲಿ ಒದ್ದೆ.

ಎರಡನೇ ಸಾಲಿನಲ್ಲಿ ಒಬ್ಬರು ಲೆಕ್ಚರರ್ ಮೇಡಂ ಕೂತಿದ್ದರು. ದಿನಾ ಹೊಸನಗರದಿಂದ ತೀರ್ಥಹಳ್ಳಿಯ ಕಾಲೇಜಿಗೆ ಹೋಗಿಬರುವವರು. ನನಗೂ ಅವರಿಗೂ ಆಗಿಬರುತ್ತಿರಲಿಲ್ಲ. ನನ್ನ ಹಾರ್ನ್ ಕರ್ಕಶ ಅಂತ ಮಾಲೀಕರಿಗೆ ಒಂದು ದೂರು, ಪೊಲೀಸ್ ಠಾಣೆಗೆ ಒಂದು ದೂರು ಬರೆದಿದ್ದರು. ನಾನು ಆ ಸಿಟ್ಟಿಗೆ ಅವರು ಇಳಿಯುವ ಕಡೆ ಬೇಕಂತಲೇ ಒಂದು ಉದ್ದ ಹಾರ್ನ್ ಹೊಡೆಯುತ್ತಿದ್ದೆ. ಆ ದಿನ ಮೊದಲು ಎದ್ದವರು ಅವರೇ. ತಮ್ಮ ಶಾಲು ತೆಗೆದು ಕೊಟ್ಟು, "ಡ್ರೈವರ್ರೇ, ಮಾತಾಡಬೇಡಿ. ಇದನ್ನ ಸೊಂಟಕ್ಕೆ ಸುತ್ತಿಕೊಳ್ಳಿ" ಅಂದರು. ಒಳ್ಳೇ ಬಿಳಿ ಶಾಲು. ನಾನು ಸುತ್ತಿಕೊಂಡೆ.

ಹುಂಚದ ಜೈನ ಮಠಕ್ಕೆ ಬಂದಿದ್ದ ಯಾತ್ರಿಕರೊಬ್ಬರು ತಮ್ಮ ಕಾರಿನಲ್ಲೇ ಕರೆದುಕೊಂಡು ಹೊರಟರು. ಒಳ್ಳೆಯ ಜನ, ಸೀಟು ಹಾಳಾದೀತು ಅಂತ ಒಂದು ಮಾತೂ ಆಡಲಿಲ್ಲ. ಆದರೆ ಗಾಡಿ ಓಡಿಸುವುದು ಏನೇನೂ ಬರುತ್ತಿರಲಿಲ್ಲ. ಹಿಂದೆ ಮಲಗಿಕೊಂಡೇ ನಾನು, "ಥರ್ಡ್ ಹಾಕಿ, ಸಾರ್. ಈಗ ಫೋರ್ತ್. ಮುಂದೆ ಹಂಪ್ ಇದೆ" ಅಂತ ಹೇಳುತ್ತ ಹೋದೆ. ತಲೆ ಎಷ್ಟು ಹಗುರವಾಗಿತ್ತೆಂದರೆ ನಗು ಬರುತ್ತಿತ್ತು. ಸಾಯುವವರಿಗೆ ಹೀಗೇ ಆಗುತ್ತದೇನೋ ಅಂತ ಅನಿಸಿ, ಅದಕ್ಕೂ ನಗು ಬಂತು.

ತೀರ್ಥಹಳ್ಳಿಯಲ್ಲಿ ಡ್ರಿಪ್ ಹಾಕಿ, ರಕ್ತ ಪರೀಕ್ಷೆ ಮಾಡಿ, ಆಂಬುಲೆನ್ಸ್‌ನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಹಿಮೋಗ್ಲೋಬಿನ್ ಆರಕ್ಕಿಂತ ಕೆಳಗಿತ್ತು. ಅಷ್ಟರಲ್ಲಿ ಸುದ್ದಿ ತಿಳಿದ ಹೆಂಡತಿ ಸಾಗರದಿಂದ ಆನಂದಪುರದ ಮೇಲೆ ಬಂದು ಆಸ್ಪತ್ರೆ ಬಾಗಿಲಲ್ಲಿ ನಿಂತಿದ್ದಳು.

ಡಾಕ್ಟರು ಕೇಳಿದರು, "ಎಷ್ಟು ದಿನದಿಂದ ಹೋಗ್ತಿದೆ?"

"ಒಂದು ವಾರ, ಸಾರ್."

ಹೆಂಡತಿ ನನ್ನ ಕೆಳರೆಪ್ಪೆ ಎಳೆದು ನೋಡಿದಳು. "ಇದು ವಾರದ್ದಲ್ಲ ಸಾರ್" ಅಂದಳು. ನಾನು ಏಳು ತಿಂಗಳು ಅಂತ ಒಪ್ಪಿಕೊಂಡೆ. ಡಾಕ್ಟರು ಬರೆದುಕೊಂಡರು, ಬಣ್ಣ ಹೇಗಿತ್ತು ಅಂತ ಕೇಳಿದರು. "ಮುರುಗಲ ಹಣ್ಣಿನ ಕೆಂಪು ಪಾನಕದ ಹಾಗೆ" ಅಂದೆ. ಪಕ್ಕದ ಮಂಚದವನು ಕುಡಿಯುತ್ತಿದ್ದ ಜ್ಯೂಸನ್ನು ಕೆಳಗಿಟ್ಟ.

ನನ್ನ ರಕ್ತ ಬಿ ನೆಗೆಟಿವ್. ಬ್ಯಾಂಕಿನಲ್ಲಿ ಒಂದೇ ಬಾಟಲಿ ಇತ್ತು. ಕಂಡಕ್ಟರ್ ನಮ್ಮ ಬಸ್ಸಿನ ಪ್ರಯಾಣಿಕರ ವಾಟ್ಸಾಪ್ ಗುಂಪಿಗೆ ಹಾಕಿದ. ಬಸ್ಸು ತಡವಾಯಿತು ಅಂತ ಬೈಯುವುದಕ್ಕೆಂದೇ ಹುಟ್ಟಿದ ಗುಂಪು ಅದು. ಐದು ಗಂಟೆಗೆ ವಾರ್ಡಿನ ಬಾಗಿಲಲ್ಲಿ ಅದೇ ಲೆಕ್ಚರರ್ ಮೇಡಂ. ಕಾಲೇಜು ಮುಗಿಸಿ ಬೇರೆ ಬಸ್ಸು ಹತ್ತಿ ಬಂದಿದ್ದರು.

"ನನ್ನದೂ ಬಿ ನೆಗೆಟಿವ್" ಅಂದರು. "ಕೊಟ್ಟು ಬಂದೆ. ಪರೀಕ್ಷೆ ಮಾಡಿ ನಿಮಗೆ ಹಾಕ್ತಾರಂತೆ. ಹಾರ್ನ್ ಮೇಲಿನ ಸಿಟ್ಟೂ ಅದರಲ್ಲಿ ಸ್ವಲ್ಪ ಸೇರಿರಬಹುದು, ನೋಡಿಕೊಳ್ಳಿ."

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಳು ಬಂತು. ಮೇಡಂ ಗಾಬರಿಯಾಗಿ, "ಅಯ್ಯೋ, ತಮಾಷೆಗೆ ಹೇಳಿದ್ದು ಡ್ರೈವರ್ರೇ" ಅಂದರು. ಆಗ ಅಳುವಿನ ಮಧ್ಯೆ ನನಗೆ, ಮೇಡಂಗೆ, ಪಕ್ಕದಲ್ಲಿದ್ದ ಹೆಂಡತಿಗೆ ನಗು ಶುರುವಾಗಿ, ನರ್ಸ್ ಬಂದು ಡ್ರಿಪ್ಪಿನ ಕೈ ಅಲ್ಲಾಡಿಸಬೇಡಿ ಅಂತ ಮೂವರಿಗೂ ಗದರಿದಳು.

ಎರಡು ಬಾಟಲಿ ರಕ್ತ ಹಾಕಿದ ಮೇಲೆ ಕೊಲೊನೋಸ್ಕೋಪಿ ಅಂದರು. ಕೆಳಗಿನಿಂದ ಕ್ಯಾಮರಾ ಬಿಟ್ಟು ದೊಡ್ಡ ಕರುಳನ್ನು ನೋಡುವುದು. ಅದಕ್ಕೆ ಮೊದಲು ಹೊಟ್ಟೆ ಖಾಲಿಯಾಗಬೇಕು ಅಂತ ಲೀಟರುಗಟ್ಟಲೆ ಒಂದು ಔಷಧಿ ನೀರು ಕೊಟ್ಟರು. ಯಾರೋ ನಿಂಬೆಹಣ್ಣನ್ನು ಸಮುದ್ರದಲ್ಲಿ ಅದ್ದಿ ತೆಗೆದಂಥ ರುಚಿ. ಮಧ್ಯಾಹ್ನದಿಂದ ಶುರುವಾಯಿತು ನೋಡಿ ಓಡಾಟ. ಹೆಂಡತಿ ಪಾಯಿಖಾನೆ ಬಾಗಿಲ ಹೊರಗೆ ನಿಂತು, "ಇದು ಒಂಬತ್ತನೇ ಟ್ರಿಪ್ಪು" ಅಂತ ಕೂಗುತ್ತಿದ್ದಳು. ಹನ್ನೊಂದನೆಯದಕ್ಕೆ ನಾನು ಒಳಗಿನಿಂದಲೇ, "ಇನ್ನು ಗಾಡಿ ಖಾಲಿ, ಲಾಸ್ಟ್ ಸ್ಟಾಪ್" ಅಂದೆ. ಇಬ್ಬರೂ ಬಾಗಿಲಿನ ಆಚೆ ಈಚೆ ನಿಂತು ನಕ್ಕೆವು. ಅವಳ ನಗು ಸ್ವಲ್ಪ ಹೊತ್ತಿಗೆ ನಿಂತುಹೋಯಿತು. ಹೊರಗೆ ಬಂದು ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಏಳು ತಿಂಗಳು ನನಗೆ ಹೇಳ್ಲಿಲ್ಲ ನೀವು" ಅಂದಳು.

ಪರೀಕ್ಷೆಯ ದಿನ ಮಂಪರಿನ ಇಂಜೆಕ್ಷನ್ ಕೊಟ್ಟು, ಎಡ ಮಗ್ಗುಲಾಗಿ ಮಲಗಿಸಿದರು. ಆಮೇಲೆ ನಡೆದದ್ದನ್ನು ನರ್ಸ್ ಹೇಳಿದ್ದು. ಕ್ಯಾಮರಾ ಪ್ರತಿ ತಿರುವಿಗೆ ಬಂದಾಗ ನಾನು, "ನಿಧಾನ ಸಾರ್, ಘಾಟಿ ಇದು" ಅನ್ನುತ್ತಿದ್ದೆನಂತೆ. ಡಾಕ್ಟರಿಗೆ ನಕ್ಕು ನಕ್ಕು ಒಂದು ನಿಮಿಷ ನಿಲ್ಲಿಸಬೇಕಾಯಿತಂತೆ.

ಕರುಳಿನಲ್ಲಿ ಸಣ್ಣ ನೆಲ್ಲಿಕಾಯಿ ಗಾತ್ರದ ಒಂದು ಗಂಟು, ತೊಟ್ಟಿನ ಸಮೇತ ತೂಗುತ್ತಿತ್ತು. ಪಾಲಿಪ್ ಅಂತಾರೆ. ರಕ್ತ ಸುರಿಸುತ್ತಿದ್ದದ್ದು ಅದೇ. ಹೊಟ್ಟೆ ಕೊಯ್ಯದೆ, ತಂತಿಯ ಕುಣಿಕೆ ಹಾಕಿ, ಕರೆಂಟು ಕೊಟ್ಟು ಅಲ್ಲೇ ಕತ್ತರಿಸಿ, ಬುಡಕ್ಕೆ ಒಂದು ಕ್ಲಿಪ್ ಹಾಕಿದರು. ನನಗೆ ಮೂಲವ್ಯಾಧಿ ಇರಲೇ ಇಲ್ಲ. ಗಂಟನ್ನು ಪರೀಕ್ಷೆಗೆ ಕಳಿಸಿದರು, ವರದಿಗೆ ಹತ್ತು ದಿನ.

ಆ ಹತ್ತು ದಿನ ಕ್ಯಾಲೆಂಡರ್ ನೋಡುವುದೇ ನನ್ನ ಡ್ಯೂಟಿ. ಆಮೇಲೆ ವರದಿ ಬಂತು. ಕ್ಯಾನ್ಸರ್ ಅಲ್ಲ. "ಇನ್ನೂ ಕೆಲವು ವರ್ಷ ಹೀಗೇ ಬಿಟ್ಟಿದ್ದರೆ ಆಗುವ ಸಾಧ್ಯತೆ ಇತ್ತು" ಅಂದರು ಡಾಕ್ಟರು. ಮೂರು ವರ್ಷಕ್ಕೆ ಮತ್ತೆ ಬಂದು ತೋರಿಸಬೇಕು. ಅಷ್ಟೇ. ನಾನು ಡಾಕ್ಟರ ಕೈ ಹಿಡಿದು ಎಷ್ಟು ಹೊತ್ತು ಕುಲುಕಿದೆನೆಂದರೆ, ಕೊನೆಗೆ ಅವರೇ, "ಸಾಕು, ನನಗೆ ಮಧ್ಯಾಹ್ನ ಇನ್ನೂ ನಾಲ್ಕು ಜನ ಇದ್ದಾರೆ" ಅಂತ ಬಿಡಿಸಿಕೊಂಡರು.

ಮನೆಯಲ್ಲಿ ಹೆಂಡತಿಯ ಆಡಳಿತ ಶುರುವಾಯಿತು. ಕಬ್ಬಿಣದ ಮಾತ್ರೆ, ನುಗ್ಗೆಸೊಪ್ಪು, ನಿಂಬೆಹಣ್ಣಿನ ಪಾನಕ. ಬಸುರಿಯರಿಗೆ ಹೇಳುವುದನ್ನೆಲ್ಲ ಅದೇ ಧಾಟಿಯಲ್ಲಿ ನನಗೆ ಹೇಳುತ್ತಿದ್ದಳು, "ಭಾರ ಎತ್ತಬಾರ್ದು, ಮಧ್ಯಾಹ್ನ ಮಲಗಬೇಕು." ಮೂರನೇ ದಿನ ಮಲ ಕಪ್ಪಗಾದದ್ದು ನೋಡಿ ನಾನು ಕಿರುಚಿಕೊಂಡೆ. ಅವಳು ಅಡುಗೆಮನೆಯಿಂದಲೇ, "ಮಾತ್ರೆದು ಅದು! ನಮ್ಮ ಬಸುರಿಯರೂ ಇಷ್ಟು ಹೆದರಲ್ಲ" ಅಂದಳು. ಆದರೂ ನನ್ನ ಸಮಾಧಾನಕ್ಕೆ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ಅವರೂ ಅದನ್ನೇ ಹೇಳಿದರು.

ಡ್ಯೂಟಿಗೆ ಮರಳಿದ ಮೇಲೆ ಹೊಸ ಕಾಟ. ನನ್ನ ಕಥೆ ಮೂರು ತಾಲೂಕಿಗೆ ಗೊತ್ತಾಗಿತ್ತಲ್ಲ, ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದರೆ ಗಂಡಸರು ಒಬ್ಬೊಬ್ಬರಾಗಿ ಬಂದು, "ಅಣ್ಣ, ಸ್ವಲ್ಪ ಈಚೆ ಬಾ" ಅಂತ ಬಸ್ಸಿನ ಹಿಂದಕ್ಕೆ ಕರೆದು ಕಿವಿಯಲ್ಲಿ ಪಿಸುಗುಡತೊಡಗಿದರು. ಇನ್ನೊಂದು ಬಸ್ಸಿನ ಡ್ರೈವರ್, ಮೀಸೆ ತಿರುವುವ ಆಸಾಮಿ, ವರ್ಷದಿಂದ ಮುಚ್ಚಿಟ್ಟುಕೊಂಡಿದ್ದ. "ನನಗೆ ಹೇಳಬೇಡ, ಡಾಕ್ಟರಿಗೆ ಹೇಳು" ಅಂತ ನಾನೇ ಎಳೆದುಕೊಂಡು ಹೋದೆ. ಇನ್ನಿಬ್ಬರನ್ನೂ ಕಳಿಸಿದೆ. ಏಳು ತಿಂಗಳು ಬಾಯಿ ಮುಚ್ಚಿಕೊಂಡಿದ್ದವನು ಈಗ ಯಾರು ಸಿಕ್ಕಿದರೂ, "ಬೆಳಿಗ್ಗೆ ಹೋದಾಗ ತಿರುಗಿ ನೋಡ್ತೀಯೋ ಇಲ್ವೋ?" ಅಂತ ಕೇಳುವ ಹಾಗಾಗಿದ್ದೇನೆ. ಕಂಡಕ್ಟರಿಗೆ ನಾಚಿಕೆ.

ಎರಡು ತಿಂಗಳಾದ ಮೇಲೆ ರಕ್ತ ಹನ್ನೆರಡಕ್ಕೆ ಏರಿತು. ಆ ಭಾನುವಾರ ನಾವಿಬ್ಬರೂ ಸಾಗರದ ಹತ್ತಿರದ ವರದಹಳ್ಳಿಯ ಆಶ್ರಮಕ್ಕೆ ಹೋದೆವು. ಆಶ್ರಮದ ಮೆಟ್ಟಿಲು ಹತ್ತಲು ಶುರುಮಾಡಿದವನು ಹತ್ತು ಮೆಟ್ಟಿಲಾದರೂ ಏದುಸಿರು ಬರಲಿಲ್ಲವಲ್ಲ ಅಂತ ಆಶ್ಚರ್ಯಪಟ್ಟು, ಇನ್ನೂ ಹತ್ತು ಹತ್ತಿದೆ. ಆಮೇಲೆ ಎರಡೆರಡು ಮೆಟ್ಟಿಲು ಹಾರಿದೆ. ಕಾಲು ನನ್ನದೇ ಹೌದೋ ಅಲ್ಲವೋ ಅನ್ನುವಷ್ಟು ಹಗುರ. ಜೋರಾಗಿ ನಗು ಬಂತು. ಕೆಳಗಿನಿಂದ ಹೆಂಡತಿ, "ನಿಲ್ರೀ, ಜನ ನೋಡ್ತಿದಾರೆ" ಅಂತ ಕೂಗಿದಳು. ಮೇಲಿನಿಂದ ಇಳಿಯುತ್ತಿದ್ದ ಅಜ್ಜಿಯೊಬ್ಬರು ಅವಳ ಹತ್ತಿರ ನಿಂತು, "ಎಂತಾಗಿದೆ ಮಗಾ ಅವರಿಗೆ?" ಅಂತ ಕೇಳಿದರು.

"ಎಂತಿಲ್ಲ ಅಜ್ಜಿ" ಅಂದಳು ಅವಳು, ಉಸಿರು ಎಳೆದುಕೊಳ್ಳುತ್ತ. "ಮೈಯಲ್ಲಿ ರಕ್ತ ಜಾಸ್ತಿ ಆಗಿದೆ."