ಮಾವ ಕೂತು ನೋಡಿದ ಕುರ್ಚಿಗಳು

ನನ್ನ ಸೋದರಮಾವನನ್ನು ಊರೆಲ್ಲ ಗುಂಡಣ್ಣ ಎಂದೇ ಕರೆಯುತ್ತಿತ್ತು. ಅವರ ಮೈಕಟ್ಟೇ ಹಾಗಿತ್ತು. ಅವರಿಗೆ ಅದರಿಂದ ಬೇಸರವೂ ಇರಲಿಲ್ಲ. ಅವರು ತೀರಿಕೊಂಡು ಕೆಲವು ತಿಂಗಳಾದವು. ತಪ್ಪು ಬರೆಯಬಾರದೆಂದು ಅತ್ತೆಯನ್ನು ಕೇಳಿ ಕೇಳಿ ಇದನ್ನು ಬರೆಯುತ್ತಿದ್ದೇನೆ.

ಮಾವನದು ಕುರ್ಚಿ ಕಾರ್ಖಾನೆ. ಒಂದು ಕೋಣೆಯಲ್ಲಿ ಶುರುವಾದದ್ದು ಅರ್ಧ ಬೀದಿಯಷ್ಟು ಬೆಳೆದಿತ್ತು. ಒಳಗೆ ಕಾಲಿಟ್ಟರೆ ಮರದ ಹುಡಿ, ಬಿಸಿ ಗೋಂದಿನ ವಾಸನೆ. ತಯಾರಾದ ಪ್ರತಿ ಕುರ್ಚಿಯ ಮೇಲೂ ಮಾವ ಧೊಪ್ಪನೆ ಕೂರುತ್ತಿದ್ದರು. ಎಡಕ್ಕೆ, ಬಲಕ್ಕೆ ವಾಲಿ, ಹಿಂದಕ್ಕೆ ಒರಗುತ್ತಿದ್ದರು. ಕಿರ್ರೆಂದರೆ ವಾಪಸ್ಸು. ಸುಮ್ಮನಿದ್ದರೆ ಕಾಲಿನ ಒಳಬದಿಗೆ ಸೀಮೆಸುಣ್ಣದ ಗೀಟು. ಆ ಗೀಟಿಲ್ಲದೆ ಕುರ್ಚಿ ಹೊರಗೆ ಹೋಗುವಂತಿರಲಿಲ್ಲ.

ಶಾಲೆಯ ಬೆಂಚು, ಗ್ರಂಥಾಲಯದ ಮೇಜು, ಬಸ್ ನಿಲ್ದಾಣದ ಆಸನ ಎಲ್ಲವೂ ಅವರು ಸುಮ್ಮನೆ ಕೊಟ್ಟವು. ಗರಗಸಕ್ಕೆ ಬೆರಳು ಕಳೆದುಕೊಂಡ ಬಡಗಿಯನ್ನು ಯಾರೂ ಹತ್ತಿರ ಸೇರಿಸದಿದ್ದಾಗ, ಕರೆದು ಮೇಸ್ತ್ರಿ ಮಾಡಿದರು. ವರ್ತಕರ ಸಂಘದವರು ಬೆಂಚುಗಳ ಮೇಲೆ ಹೆಸರು ಬರೆಸಿ ಎಂದರೆ, "ಬೇಡ ಬಿಡ್ರಿ, ಜನ ನನ್ನ ಹೆಸರಿನ ಮೇಲೇ ಕೂತ್ಕೊಳ್ತಾರೆ," ಎಂದು ನಗಿಸಿ ಕಳಿಸುತ್ತಿದ್ದರು.

ಹೆರಿಗೆ ಆಸ್ಪತ್ರೆಯ ಹಜಾರದಲ್ಲಿ ಬಸುರಿಯರು ಗೋಡೆಗೆ ಒರಗಿ ನಿಂತಿರುವುದನ್ನು ನೋಡಿದ ದಿನ, ಅಲ್ಲಿಗೆ ಬೇಕಾದಷ್ಟು ಕುರ್ಚಿ ಕೊಡುವುದಾಗಿ ಮಾತು ಕೊಟ್ಟರು. ಕೆಲಸ ನಡೆಯುತ್ತಿರುವಾಗಲೇ ಕಾಯಿಲೆ ಬಿದ್ದರು. ಮಾವ ಅರ್ಧಕ್ಕರ್ಧ ಇಳಿದುಹೋದರು. ಗೂಟಕ್ಕೆ ನೇತುಹಾಕಿದಂತೆ ಅಂಗಿ ಜೋಲಾಡುತ್ತಿತ್ತು. ಆದರೂ ಕೆಲಸಗಾರರು ಒಂದೊಂದೇ ಕುರ್ಚಿ ತಂದು ಮುಂದಿಡುತ್ತಿದ್ದರು, ಅವರು ಕೂತೆದ್ದು ಗೀಟು ಎಳೆಯುತ್ತಿದ್ದರು. ಬೇರೆ ಯಾರಾದರೂ ಕೂತು ನೋಡಲಿ ಎನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ.

ಹೊಸ ಕುರ್ಚಿ ಹಾಕಿದ ಹಜಾರದ ಉದ್ಘಾಟನೆಯ ಹಿಂದಿನ ಸಂಜೆ ಎಲ್ಲರೂ ಅಲ್ಲಿ ಕುರ್ಚಿ ಜೋಡಿಸುತ್ತಿದ್ದೆವು. ನಮ್ಮ ಅತ್ತೆಯೂ ಒಳ್ಳೆ ತೂಕದವರೇ. ಸುಸ್ತಾಗಿ ಒಂದರ ಮೇಲೆ ಕೂತರು. ಲಟಕ್ಕೆಂದು ಕುರ್ಚಿಯ ಕಾಲು ಕಿತ್ತು ಬಂತು.

"ನಗೋದು ಆಮೇಲೆ, ಮೊದ್ಲು ಎತ್ರೋ ನನ್ನ!" ಎಂದು ಅತ್ತೆ ನೆಲದಿಂದಲೇ ಗದರಿದರು.

ಮಾವ ನಗಲಿಲ್ಲ. ಕಿತ್ತು ಬಂದ ಕಾಲು ತಿರುಗಿಸಿ ತಮ್ಮ ಗೀಟು ನೋಡಿದರು.

"ಒಂದೇ ಒಂದು ಅಣ್ಣಾ, ಉಳಿದಿದ್ದೆಲ್ಲ ಗಟ್ಟಿ," ಎಂದ ಮೇಸ್ತ್ರಿ.

"ಗಟ್ಟಿ ಅಂತ ಹೇಳಿದ್ದು ಯಾರು? ಈ ಕಡ್ಡಿ ದೇಹಾನಾ? ತುಂಬು ಬಸುರಿ ಬಿದ್ರೆ ಏನೋ ಗತಿ?" ಎಂದರು ಮಾವ.

ಮೇಸ್ತ್ರಿ ಆ ಕುರ್ಚಿಯನ್ನು ಪಕ್ಕಕ್ಕೆ ಎತ್ತಿಟ್ಟ.

ಅತಿಥಿಗಳನ್ನು ಕರೆದಾಗಿದೆ, ಈಗ ಮುಂದೂಡಿದರೆ ನಿಮಗೇ ಅವಮಾನ ಎಂದರು ಆಸ್ಪತ್ರೆಯ ದೊಡ್ಡ ಡಾಕ್ಟರು. "ಅವಮಾನ ಆದ್ರೆ ಆಗ್ಲಿ ಬಿಡಿ," ಎಂದರು ಮಾವ.

ಬೆಳಿಗ್ಗೆ ಅವರೇ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಕೈಮುಗಿದು ಹೇಳಿದರು: "ನಾನು ಇಳಿದುಹೋಗಿದ್ದೀನಿ, ನನ್ನ ಗೀಟು ನಂಬಬೇಡಿ. ಉದ್ಘಾಟನೆ ಇವತ್ತಿಲ್ಲ. ದಪ್ಪಗಿರೋರು ಮಾತ್ರ ಒಳಗೆ ಬನ್ನಿ, ಕೂತು ನೋಡಿ."

ದಿನಸಿ ಅಂಗಡಿಯವರು, ಲಾರಿ ಡ್ರೈವರು, ಸಂಗೀತದ ಮೇಡಂ ಒಳಗೆ ಬಂದರು. "ಇಷ್ಟು ವರ್ಷ ತಿಂದಿದ್ದು ಇವತ್ತು ಊರಿಗೆ ಉಪಯೋಗಕ್ಕೆ ಬಂತು ನೋಡಿ!" ಎಂದರು ಅಂಗಡಿಯವರು.

"ಮಾತು ಸಾಕು, ಧೊಪ್ಪಂತ ಕೂತ್ಕೊಳ್ರಿ. ನಾಚ್ಕೊಂಡ್ರೆ ಆಗಲ್ಲ," ಎಂದರು ಅತ್ತೆ.

ಕಿರ್ರೆಂದದ್ದು ಒಂದೆರಡಲ್ಲ. ಪ್ರತಿ ಸದ್ದಿಗೂ ಮಾವನ ಮುಖ ಸಣ್ಣಗಾಗುತ್ತಿತ್ತು, ಆದರೆ ಒಂದನ್ನೂ ಬಿಡಲಿಲ್ಲ. ಮೇಸ್ತ್ರಿ ಅವನ್ನೆಲ್ಲ ಬಿಚ್ಚಿ, ಹೊಸ ಬೆಣೆ ಬಡಿದು, ಗೋಂದು ಹಾಕಿದ. ಅದು ಒಣಗಿ, ಮತ್ತೆ ಆ ದಪ್ಪಗಿರುವವರೇ ಕೂತು ನೋಡಿ ಆದ ಮೇಲೆ ಹಜಾರ ತೆರೆಯಿತು. ಹಾರ, ಭಾಷಣ ಏನೂ ಇರಲಿಲ್ಲ.

ಮೊದಲು ಬಂದವಳು ದಿನ ತುಂಬಿದ ಬಸುರಿ, ಜೊತೆಯಲ್ಲಿ ಅವಳ ತಾಯಿ. ಅವಳು ಕೈಯೂರಿ ನಿಧಾನವಾಗಿ ಕೂತು, ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಮಾವ ಗೋಡೆಯ ಪಕ್ಕ ನಿಂತು ಅದನ್ನೇ ನೋಡುತ್ತಿದ್ದರು.

"ಎಷ್ಟೊತ್ತು ನಿಂತಿರ್ತೀರಿ ಯಜಮಾನ್ರೇ, ಕೂತ್ಕೊಳ್ಳಿ," ಎಂದರು ಆ ತಾಯಿ. "ನಿಮ್ಮೋರು ಯಾರು ಒಳಗಿರೋದು?"

"ಯಾರೂ ಇಲ್ಲಮ್ಮ, ಸುಮ್ನೆ ಬಂದೆ," ಎಂದು ಮಾವ ಅವರ ಪಕ್ಕದಲ್ಲಿ ಕೂತರು.